ಎಷ್ಟು ಬೇಸ್ ಅದಾವ್ರಿ?

ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ಮದುವೆಗೆ ಡಿಜೆ ಗೊತ್ತು ಮಾಡುವವರು ಕೇಳುವ ಮೊದಲ ಪ್ರಶ್ನೆ ಇದು. ಯಾವ ಹಾಡು ಹಾಕ್ತೀರಿ ಎಂದು ಕೇಳುವವರು ಕಡಿಮೆ. ಹಿಂದಿನ ಮದುವೆಯಲ್ಲಿ ಜನ ಕುಣಿದರೋ, ಕಿವಿ ಮುಚ್ಚಿಕೊಂಡು ಹಂದರ ಬಿಟ್ಟು ಹೋದರೋ ಎಂದು ಕೇಳುವವರು ಇನ್ನೂ ಕಡಿಮೆ. "ನಾಕ ಬೇಸ್, ನಾಕ ಟಾಪ್" ಎಂದರೆ "ಆ ಊರಾಂವ ಆರು ಬೇಸ್ ತರ್ತೀನಿ ಅಂದಾನ" ಎಂಬ ಉತ್ತರ ಬರುತ್ತದೆ. ಜೋಳದ ಚೀಲ ಎಣಿಸಿದ ಹಾಗೆ ಸಂಗೀತವನ್ನು ಎಣಿಸಿ ಮುಂಗಡ ಕೊಟ್ಟು ಎದ್ದು ಬರುತ್ತಾರೆ.

ಹೀಗೆ ಎಣಿಸಿ ಕೊಳ್ಳುವವರ ಎದುರು ಡಿಜೆ ಹುಡುಗರು ತಾವು ಬೇರೆ ಎಂದು ತೋರಿಸುವುದು ಹೇಗೆ? ವಾಹನದ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಹೆಸರು. ಹಾಡಿನ ನಡುನಡುವೆ, ಪಲ್ಲವಿ ಮುಗಿಯಲೂ ಬಿಡದೆ, ಅದೇ ಹೆಸರನ್ನು ಗರ್ಜಿಸುವ ರೆಕಾರ್ಡಾದ ದನಿ. ಶಾರ್ಪಿ ಲೈಟು, ಲೇಸರು, ಹೊಗೆ, ಬಣ್ಣದ ಕಾಗದ ಉಗುಳುವ ಯಂತ್ರ. ಇವೆಲ್ಲವೂ ಅಂಗಡಿಯಲ್ಲಿ ಸಿಗುವ ವಸ್ತುಗಳು. ಅಂಗಡಿಯಲ್ಲಿ ಸಿಗುವುದನ್ನು ಇವತ್ತು ನೀವು ತಂದರೆ ಮುಂದಿನ ಹಂಗಾಮಿಗೆ ಪಕ್ಕದ ಊರಿನವನೂ ತರುತ್ತಾನೆ. ಆಗ ಇಬ್ಬರೂ ಮತ್ತೆ ಒಂದೇ. ಉಳಿಯುವುದು ಸಾಲದ ಕಂತು ಮಾತ್ರ. ಬೇರೆಯಾಗಲು ಹೊರಟು ಇಷ್ಟೊಂದು ದುಡ್ಡು ಸುರಿದು ಎಲ್ಲರೂ ಒಂದೇ ಥರ ಆಗುವ ಇಂಥ ಧಂದೆ ಇನ್ನೊಂದು ಇರಲಾರದು. (ಖಾಸಗಿ ಕೋಚಿಂಗ್ ಕ್ಲಾಸುಗಳನ್ನು ಬಿಟ್ಟರೆ.)

ಸದ್ದಿನ ಲೆಕ್ಕವನ್ನೇ ನೋಡಿ. ಆಂಪ್ಲಿಫೈಯರಿನ ಶಕ್ತಿ ಎರಡು ಪಟ್ಟಾದರೆ ಶಬ್ದದ ಮಟ್ಟ ಏರುವುದು 3 ಡೆಸಿಬೆಲ್. ಕುಣಿಯುವ ಗುಂಪಿಗೆ ಇದು ಸರಿಯಾಗಿ ಗೊತ್ತೂ ಆಗುವುದಿಲ್ಲ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಶಕ್ತಿ ಹತ್ತು ಪಟ್ಟಾಗಬೇಕು. ಬೇಸ್ ಬಾಕ್ಸುಗಳನ್ನು ಒತ್ತಿ ಜೋಡಿಸಿದರೆ ಒಂದಕ್ಕೊಂದು ಬಲ ಕೊಡುತ್ತವೆ ಎಂದು ಡಿಜೆಯವರು ವಾದಿಸುತ್ತಾರೆ. ನಿಜ. ಆದರೂ ನಾಲ್ಕು ಎಂಟಾದಾಗ ಸಿಗುವುದು ಹೆಚ್ಚೆಂದರೆ 6 ಡೆಸಿಬೆಲ್. ಎರಡು ಪಟ್ಟು ಬಾಡಿಗೆ ಕೊಟ್ಟ ಬೀಗರಿಗೆ ಎರಡು ಪಟ್ಟು ಸದ್ದೂ ಸಿಗುವುದಿಲ್ಲ.

ನಮ್ಮ ಗಡಿ ಸೀಮೆಯಲ್ಲಿ, ಸಾಂಗಲಿ, ಕೊಲ್ಹಾಪುರದ ಕಡೆಯಂತೂ, ಈ ಸದ್ದಿನ ಗಾಡಿಗೆ 'ಡಾಲ್ಬಿ' ಎಂದೇ ಹೆಸರು. ರೇ ಡಾಲ್ಬಿ 1965ರಲ್ಲಿ ಕಟ್ಟಿದ ಕಂಪನಿ ಮೊದಲು ಹೆಸರು ಮಾಡಿದ್ದು ಟೇಪಿನ ಕರಕರ ಸದ್ದನ್ನು ತಗ್ಗಿಸುವ ಉಪಕರಣದಿಂದ! ಗದ್ದಲ ಇಳಿಸಿದವನ ಹೆಸರನ್ನು ಗದ್ದಲಕ್ಕೇ ಕಟ್ಟಿದ್ದೇವೆ.

ಕಾನೂನು ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. 2005ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಆದರೆ ಮೆರವಣಿಗೆ ಹನುಮಂತದೇವರ ಗುಡಿ ಮುಟ್ಟುವ ಹೊತ್ತಿಗೆ ಅಲ್ಲಿ ಡೆಸಿಬೆಲ್ ಅಳೆಯುವವರು ಯಾರು? ಊರ ಹಿರಿಯರೇ ನೋಟು ಹಾರಿಸುತ್ತಿರುತ್ತಾರೆ. ನನಗೆ ಹೆಚ್ಚು ಚಿಂತೆ ಬಾಕ್ಸಿನ ಪಕ್ಕ ನಿಂತು ವೈರು ಕಾಯುವ ಹುಡುಗನದು. 100 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಕೆಲಸ ಮಾಡಬಾರದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ನಮ್ಮ ಹುಡುಗ ಹಂಗಾಮು ಪೂರ್ತಿ, ದಿನಕ್ಕೆ ಮೂರು ನಾಲ್ಕು ತಾಸು ಅಲ್ಲೇ ಇರುತ್ತಾನೆ. ಅವನ ಕಿವಿಯನ್ನು ಯಾರೂ ಬಾಡಿಗೆಯಲ್ಲಿ ಸೇರಿಸುವುದಿಲ್ಲ.

ಇಷ್ಟು ಓದಿ ತಲೆಯಾಡಿಸುತ್ತಿರುವ ಸಾಹಿತ್ಯಾಸಕ್ತರೇ, ಈಗ ನಿಮ್ಮ ಸರದಿ. "ಹಲಗಿ, ಸನಾದಿ, ಕರಡಿ ಮಜಲು ಎಷ್ಟು ಚೆಂದ ಇದ್ದವು, ಈ ಡಿಜೆ ಬಂದು ಎಲ್ಲ ಹಾಳಾಯಿತು" ಎಂದು ಬರೆಯುವವರು ನೀವೇ. 1977ರ 'ಸನಾದಿ ಅಪ್ಪಣ್ಣ' ನೋಡಿ, ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿ ಕಣ್ಣೊರೆಸಿಕೊಂಡವರು ನೀವೇ. ಆದರೆ ಊರ ಮದುವೆಯಲ್ಲಿ ಹಲಗಿ ಬಡಿದವನು ಉಂಡದ್ದು ಎಲ್ಲಿ ಕೂತು? ಎಲ್ಲರೂ ಎದ್ದ ಮೇಲೆ, ಹಂದರದ ಹೊರಗೆ. ಅದು ಅವನು ಆರಿಸಿಕೊಂಡ ಕಲೆಯಾಗಿರಲಿಲ್ಲ, ಜಾತಿ ಹೊರಿಸಿದ ಚಾಕರಿಯಾಗಿತ್ತು. ಅವನ ಮೊಮ್ಮಗ ಇವತ್ತು ಲ್ಯಾಪ್‌ಟಾಪ್ ಹಿಡಿದು ಗಾಡಿಯ ಮೇಲೆ ನಿಂತರೆ, ಗೌಡರ ಮಗ ಕೆಳಗೆ ನಿಂತು "ಅಣ್ಣಾ, ಆ ಹಾಡ ಹಾಕೋ" ಎಂದು ಕೈಮುಗಿಯುತ್ತಾನೆ. ಈ ಒಂದು ಕಾರಣಕ್ಕೆ ನಾನು ಡಿಜೆಯ ಪಕ್ಷ. ಹಲಗಿಗೆ ಮರಳಿ ಎನ್ನುವವರು ತಮ್ಮ ಮಕ್ಕಳ ಹೆಗಲಿಗೆ ಮೊದಲು ಹಲಗಿ ಹಾಕಲಿ.

ಅವನ ಪಕ್ಷ ವಹಿಸಿಯೇ ಅವನ ಜೊತೆ ಜಗಳ ಮಾಡಬೇಕಾಗಿದೆ. ಗಾಡಿಯ ಮೇಲೆ ನಿಂತವನ ಕೈಯಲ್ಲಿ ಅಜ್ಜನಿಗೆ ಇದ್ದ ಒಂದು ವಿದ್ಯೆ ಇಲ್ಲ. ಹಲಗಿಯವನಿಗೆ ಮದುವೆ ಗೊತ್ತಿತ್ತು. ಸುರಗಿ ನೀರಿಗೆ ಯಾವ ಗತಿ, ದೇವರಿಗೆ ಹೋಗುವಾಗ ಯಾವುದು, ಅಕ್ಷತೆ ಬೀಳುವಾಗ ಎಷ್ಟು ಬಿರುಸು, ಹೆಣ್ಣು ಒಪ್ಪಿಸುವಾಗ ಯಾವಾಗ ಸುಮ್ಮನಾಗಬೇಕು, ಎಲ್ಲವೂ. ಇವತ್ತು ಹೆಣ್ಣುಮಗಳು ತವರಿನ ಹೊಸ್ತಿಲು ದಾಟುತ್ತ ಅಳುವಾಗಲೂ ಬೇಸ್ ಗುದ್ದುತ್ತಲೇ ಇರುತ್ತದೆ. ಮುದುಕಿಯರು ಸೋಬಾನ ಪದ ಶುರು ಮಾಡಿದರೆ ಎರಡನೇ ಸಾಲಿಗೆ ಅವರ ದನಿ ಮುಳುಗುತ್ತದೆ. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತವರ ಜೊತೆಯವರು, ಇಂಥ ಬಾಯಿಗಳಿಂದಲೇ ಹಾಡು ಬರೆದುಕೊಂಡು 'ಗರತಿಯ ಹಾಡು' ತಂದರು. ಆಮೇಲೆ ನಮ್ಮ ಕನ್ನಡ ವಿಭಾಗಗಳು ಆ ಹಾಡುಗಳ ಮೇಲೆ ಪ್ರಬಂಧ ಬರೆಸಿದವು, ಪದವಿ ಕೊಟ್ಟವು. ಸೋಬಾನ ಹಾಡುವ ಒಬ್ಬ ಆಯಿಯ ದನಿಯನ್ನು ಚೆನ್ನಾಗಿ ರೆಕಾರ್ಡು ಮಾಡಿ ಒಬ್ಬ ಡಿಜೆ ಹುಡುಗನ ಪೆನ್‌ಡ್ರೈವಿಗೆ ಹಾಕಿಕೊಟ್ಟ ಪ್ರಾಧ್ಯಾಪಕರನ್ನು ನಾನು ಕಂಡಿಲ್ಲ.

ಬೇರೆಯಾಗುವ ದಾರಿ ಅಲ್ಲಿದೆ. ನಮ್ಮ ಕಡೆಯ ಮದುವೆಗೆ ಕನ್ನಡದವರು, ದಖನಿ ಉರ್ದುವಿನವರು, ಮರಾಠಿ ಬೀಗರು, ತಾಂಡಾದ ಲಂಬಾಣಿ ಗೆಳೆಯರು ಕೂಡಿಯೇ ಬರುತ್ತಾರೆ. ಈ ನಾಲ್ಕೂ ಗುಂಪನ್ನು ಒಂದೇ ರಾತ್ರಿ ಕುಣಿಸಬಲ್ಲವನ ತಲೆಯೊಳಗಿನ ಹಾಡಿನ ಭಂಡಾರವನ್ನು ಪಕ್ಕದ ಊರಿನವನು ಅಂಗಡಿಯಿಂದ ತರಲಾರ. 'ಹಲಗಿ ಮಿಕ್ಸ್' ಹೆಸರಿನಲ್ಲಿ ಎಲ್ಲೋ ಕದ್ದ ತುಣುಕು ಬಿಡುವ ಬದಲು, ತನ್ನ ಊರಿನ ಹಲಗಿಯವನನ್ನು ಕೂರಿಸಿ, ದುಡ್ಡು ಕೊಟ್ಟು, ಹೆಸರು ಹೇಳಿ ರೆಕಾರ್ಡು ಮಾಡಿಕೊಂಡರೆ ಆ ಗತಿ ಇನ್ನೊಬ್ಬನ ಗಾಡಿಯಲ್ಲಿ ಕೇಳಿಸುವುದಿಲ್ಲ.

ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಹೋದವರಿಗೆ ಗೊತ್ತು. ಸುಮಾರು 38 ಮೀಟರ್ ಆಚೆ ಗೋಡೆಗೆ ಬಾಯಿ ಹಚ್ಚಿ ಆಡಿದ ಮಾತು ಈಚೆ ಕಿವಿಗೆ ಬರುತ್ತದೆ, ಒಬ್ಬನೇ ಆಡಿದರೆ. ಶಾಲಾ ಪ್ರವಾಸದ ಮಕ್ಕಳು ಒಟ್ಟಿಗೆ ಕಿರುಚಿದರೆ ಪ್ರತಿಧ್ವನಿಯ ಮೇಲೆ ಪ್ರತಿಧ್ವನಿ ಬಿದ್ದು ಯಾರಿಗೂ ಏನೂ ತಿಳಿಯುವುದಿಲ್ಲ. ಒಂದೇ ಓಣಿಯಲ್ಲಿ ಎರಡು ಮದುವೆ, ಎರಡು ಡಿಜೆ ಎದುರುಬದುರಾದಾಗ ಆಗುವುದೂ ಅದೇ. ಇಬ್ಬರೂ ವಾಲ್ಯೂಮ್ ಏರಿಸುತ್ತಾರೆ, ಇಬ್ಬರ ಹಾಡೂ ಕೇಳುವುದಿಲ್ಲ, ಇಬ್ಬರಿಗೂ ತಾನೇ ಗೆದ್ದೆ ಅನ್ನಿಸುತ್ತದೆ.

ಆದ್ದರಿಂದ ದುಡ್ಡು ಕೊಡುವ ಹಿರಿಯರಲ್ಲಿ ನನ್ನ ಕೇಳಿಕೆ ಇಷ್ಟೇ. ದ್ರಾಕ್ಷಿ ಒಣಗಿಸಿ ಮಾರುವಾಗ ಬಣ್ಣ ನೋಡುತ್ತೀರಿ, ರುಚಿ ನೋಡುತ್ತೀರಿ, ಬಾಕ್ಸಿನ ಲೆಕ್ಕದ ಮೇಲೆ ಮಾತ್ರ ದರ ಕಟ್ಟಲು ಯಾವ ವ್ಯಾಪಾರಿಗೂ ಬಿಡುವುದಿಲ್ಲ. ಮಗಳ ಮದುವೆಯ ಡಿಜೆ ಗೊತ್ತು ಮಾಡುವಾಗ ಅವನನ್ನು ಕೂರಿಸಿ, ಚಹಾ ಕೊಟ್ಟು, ಸುರಗಿಗೆ ಏನು ಹಾಕ್ತಿ, ಆಯಿ ಹಾಡುವಾಗ ಬಂದ್ ಮಾಡ್ತಿಯೋ ಇಲ್ಲೋ, ಹತ್ತಕ್ಕೆ ನಿಲ್ಲಿಸ್ತಿಯೋ ಇಲ್ಲೋ ಎಂದು ಕೇಳಿ. ಸರಿಯಾಗಿ ಉತ್ತರ ಕೊಟ್ಟವನ ಹತ್ತಿರ ಎರಡೇ ಬೇಸ್ ಇದ್ದರೂ ಆರು ಬೇಸಿನವನಷ್ಟೇ ದುಡ್ಡು ಕೊಡಿ.