ಅಳತೆ ಅರಿತ ಕಾಯಕ



ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವನ್ನು ನಮ್ಮ ಮನೆಗಳಲ್ಲಿ ಅರಿಯದವರು ವಿರಳ. 12ನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯಂಗಳದೊಳಗೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಇದನ್ನು ನಾವು ನಿರ್ಲೋಭಕ್ಕೆ ದೃಷ್ಟಾಂತವೆನ್ನುತ್ತೇವೆ. ಇನ್ನೊಂದು ಪಾಠವೂ ಇದರಲ್ಲಿದೆ: ನಿತ್ಯದ ಅಳತೆ ಇಬ್ಬರಿಗೂ ತಿಳಿದಿದ್ದುದರಿಂದಲೇ ಹೆಚ್ಚಾದುದು ಕಣ್ಣಿಗೆ ಬಿದ್ದಿತು.

ನಮ್ಮ ಅಂಗಡಿ, ಗಿರಣಿ, ಮನೆಗಳಲ್ಲಿ ದುಡಿಯುವವರಿಗೆ ಆ ಅಳತೆಯನ್ನು ನಾವು ಹೇಳಿರುತ್ತೇವೆಯೆ? 'ನೀನು ಮನೆಯ ಮಗನಿದ್ದಂತೆ' ಎಂದು ಕರೆತರುತ್ತೇವೆ. ವೇಳೆ, ಸಂಬಳ, ರಜೆಗಳ ಮಾತನ್ನೇ ಎತ್ತುವುದಿಲ್ಲ. ರಾತ್ರಿ 10 ಗಂಟೆಯವರೆಗೆ ದುಡಿಸುವಾಗ ಆತ ಮಗ. ಸಂಬಳ ಹೆಚ್ಚಿಸಿರೆಂದು ಕೇಳಿದ ದಿನ ಆಳು. ಹೇಳದೆ ಇದ್ದ ಕೆಲಸವನ್ನು ಮಾಡಲಿಲ್ಲವೆಂದು ಗದರುವುದೂ ಉಂಟು. ಇದು ನ್ಯಾಯವಲ್ಲ.

ಸಂಸ್ಥೆಗಳು ನೌಕರರಿಗೆ ನೇಮಕ ಪತ್ರ ಕೊಡಬೇಕೆಂದು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ವಿಧಿಸಿವೆ. ಸಣ್ಣ ಅಂಗಡಿಗೆ ಅದು ಅನ್ವಯಿಸದಿದ್ದರೂ, ಹಾಳೆಯೊಂದರಲ್ಲಿ ನಾಲ್ಕು ಮಾತು ಬರೆಯಲು ಯಾರ ಅಪ್ಪಣೆ ಬೇಕು? ಯಾವ ಕೆಲಸ, ಎಷ್ಟು ಹೊತ್ತು, ಎಷ್ಟು ಸಂಬಳ, ಎಂದು ಬಿಡುವು ಎಂಬುದನ್ನು ಬರೆದು, ಓದಿ ಹೇಳಿ, ಆತನ ಮಾತನ್ನೂ ಕೇಳಬೇಕು. ದುಡಿಯುವವರೂ ತಮ್ಮಿಂದಾಗದುದನ್ನು ಮೊದಲೇ ತಿಳಿಸಬೇಕು. ಒಪ್ಪಿದ ಮೇಲೆ ಹಿಂಜರಿಯಬಾರದು.

ಅಳತೆಯಿಟ್ಟರೆ ಪ್ರೀತಿ ಕುಂದುವುದೆಂಬ ಅಂಜಿಕೆ ಬೇಡ. ಅಳತೆಯಿದ್ದಲ್ಲಿಯೇ, ಅದನ್ನು ಮೀರಿ ಕೊಟ್ಟುದು ಪ್ರೀತಿಯೆಂದು ತಿಳಿಯುತ್ತದೆ. ಬರುವ ತಿಂಗಳು ಸಂಬಳ ಕೊಡುವ ದಿನವೇ ಆ ಹಾಳೆಯನ್ನು ಬರೆಯೋಣ.