ಹದದ ಬೆಲೆ

‘ಹದ’ ಎಂಬ ನಮ್ಮ ಮಾತಿಗೆ ಸರಿಜೋಡಿಯಾದ ಮಾತು ಇಂಗ್ಲಿಷಿನಲ್ಲಿ ಸಿಕ್ಕದೆ ತರಗತಿಯಲ್ಲಿ ನಾನು ಪೇಚಾಡಿದ್ದುಂಟು. ಉಳುವ ನೆಲಕ್ಕೆ ಹದವುಂಟು, ಬೆಲ್ಲದ ಪಾಕಕ್ಕೆ ಹದವುಂಟು, ಮದ್ದಳೆಯ ಚರ್ಮಕ್ಕೂ ಹದವುಂಟು. ಆದರೆ ಮೋಟಾರು ಗಾಡಿಯ ಒಂದು ಬಿಡಿಭಾಗವನ್ನು ಕುರಿತು ಈ ಮಾತನ್ನು ಆಡಬೇಕಾದೀತೆಂದು ನಾನು ಎಣಿಸಿರಲಿಲ್ಲ. ಅಮೆರಿಕದ ಡೆನ್ವರ್ ನಗರದಲ್ಲಿರುವ ನನ್ನ ಸೋದರಳಿಯ ಒಂದು ರಾತ್ರಿ ದೂರವಾಣಿಯಲ್ಲಿ, ‘ಮಾವ, ನೀವು ಭೌತಶಾಸ್ತ್ರದ ಮೇಷ್ಟ್ರಾಗಿದ್ದವರು, ಹೇಳಿ. ನನ್ನ ಹಳೇ ಕಾರಿಗೆ ಬೇರೊಬ್ಬರು ತಿದ್ದಿ ಮಾರುವ ಕಾರ್ಬುರೇಟರು ಕೊಳ್ಳಬಹುದೇ?’ ಎಂದು ಕೇಳಿದ. ಕೊಳ್ಳುವುದು ಬಿಡುವುದು ನಿನ್ನ ಹಣದ ಮಾತಪ್ಪಾ ಎಂದು ಉತ್ತರಿಸಿ ಮಲಗಿದೆ. ಅದು ಕೇವಲ ಹಣದ ಮಾತಲ್ಲವೆಂದು ಅರಿವಾಗಲು ನನಗೆ ಕೆಲವು ತಿಂಗಳು ಹಿಡಿಯಿತು.

ಕಾರು ಜಪಾನಿನ ಮಾಜ್ದಾ ಸಂಸ್ಥೆಯ ಆರ್‌ಎಕ್ಸ್-7. 1978ರಿಂದ 1985ರವರೆಗೆ ತಯಾರಾದ ಮೊದಲ ತಲೆಮಾರಿಗೆ ಸೇರಿದ್ದು. ಅದರ ಇಂಜಿನು ನಮಗೆ ಪರಿಚಿತವಾದ ಜಾತಿಯದಲ್ಲ. ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಓಡಾಡುವ ಬದಲು, ಬದಿಗಳು ಉಬ್ಬಿದ ತ್ರಿಕೋನವೊಂದು ನಡುವಿನಲ್ಲಿ ತುಸು ಒಳಸರಿದ ಅಂಡಾಕಾರದ ಕೋಣೆಯೊಳಗೆ ಹೊರಳುತ್ತದೆ. ತ್ರಿಕೋನ ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ತಿರುಗಿರುತ್ತದೆ. ಜರ್ಮನಿಯ ಫೆಲಿಕ್ಸ್ ವಾಂಕೆಲನ ಕಲ್ಪನೆ ಇದು. 1957ರಲ್ಲಿ ಎನ್‌ಎಸ್‌ಯು ಸಂಸ್ಥೆಯಲ್ಲಿ ಇದರ ಮೊದಲ ಮಾದರಿ ಓಡಿತು. ಹಿರೋಷಿಮಾದಲ್ಲಿ ಟೋಯೊ ಕೋಗ್ಯೊ ಎಂಬ ಹೆಸರಿನಿಂದಿದ್ದ ಮಾಜ್ದಾ ಸಂಸ್ಥೆ 1961ರಲ್ಲಿ ಇದರ ಹಕ್ಕು ಪಡೆಯಿತು.

ಆದರೆ ಹಕ್ಕು ಬಂದಷ್ಟು ಸುಲಭವಾಗಿ ಇಂಜಿನು ಬರಲಿಲ್ಲ. ತ್ರಿಕೋನದ ಮೂರು ಮೂಲೆಗಳಲ್ಲೂ ಅಪೆಕ್ಸ್ ಸೀಲ್ ಎಂಬ ತೆಳುಪಟ್ಟಿಗಳಿವೆ. ಅವು ಕೋಣೆಯ ಗೋಡೆಯನ್ನು ಸದಾ ಒತ್ತಿಕೊಂಡೇ ಜಾರಬೇಕು; ಎಲ್ಲಿ ಬಿಗಿ ತಪ್ಪಿತೋ ಅಲ್ಲಿ ಇಂಜಿನಿನ ಉಸಿರು ಸೋರಿತು. ಈ ಪಟ್ಟಿಗಳು ನಡುಗುತ್ತ ಗೋಡೆಯ ಮೇಲೆ ಅಲೆ ಅಲೆಯಾಗಿ ಗೀರುತ್ತಿದ್ದವು. ದೆವ್ವದ ಉಗುರಿನ ಗೀರು ಎಂದು ಅಲ್ಲಿನ ಎಂಜಿನಿಯರುಗಳು ಅದನ್ನು ಕರೆದರಂತೆ. ಕೆನಿಚಿ ಯಮಾಮೊಟೊ ಅವರ ಮುಂದಾಳುತನದಲ್ಲಿ ನಲವತ್ತೇಳು ಜನರ ತಂಡ ಪ್ರಾಣಿಗಳ ಮೂಳೆಯನ್ನೂ ಬಿಡದೆ ಬಗೆಬಗೆಯ ಪದಾರ್ಥಗಳನ್ನು ಪರೀಕ್ಷಿಸಿ, ಕಡೆಗೆ ಇಂಗಾಲ ಮತ್ತು ಅಲ್ಯೂಮಿನಿಯಂ ಬೆರೆತ ಪಟ್ಟಿಯಿಂದ ಆ ಗೀರನ್ನು ಗೆದ್ದಿತು. 1967ರಲ್ಲಿ ಕಾಸ್ಮೊ ಸ್ಪೋರ್ಟ್ ಎಂಬ ಕಾರು ಬೀದಿಗಿಳಿಯಿತು. ಇದನ್ನು ಇಷ್ಟು ಬೆಳೆಸಿ ಹೇಳಿದ್ದಕ್ಕೆ ಕಾರಣವಿದೆ. ಅಷ್ಟು ಜನ ಅಷ್ಟು ವರ್ಷ ಬೆವರು ಸುರಿಸಿ ಕಾಪಾಡಿದ ಆ ಪಟ್ಟಿಯ ಪ್ರಾಣ ಈಗ ನನ್ನ ಅಳಿಯ ಕೊಳ್ಳಹೊರಟ ಕಾರ್ಬುರೇಟರಿನ ಕೈಯಲ್ಲಿತ್ತು.

ಕಾರ್ಬುರೇಟರಿನ ಕೆಲಸವೇ ಹದ ನೋಡುವುದು. ಕಿರಿದಾದ ಕಂಠದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುವುದೆಂಬ ತತ್ತ್ವವನ್ನು ಇಟಲಿಯ ವೆಂಚುರಿ 1797ರಲ್ಲಿ ಪ್ರಕಟಿಸಿದ. ಆ ತಗ್ಗಿದ ಒತ್ತಡವೇ ಜೆಟ್ಟು ಎಂಬ ಸಣ್ಣ ರಂಧ್ರದ ಮೂಲಕ ಪೆಟ್ರೋಲನ್ನು ಸೆಳೆದು ಗಾಳಿಯೊಡನೆ ಬೆರೆಸುತ್ತದೆ. ಒಂದು ತೂಕ ಪೆಟ್ರೋಲು ಲೆಕ್ಕಕ್ಕೆ ಸರಿಯಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಇಂಜಿನಿನಿಂದ ಪೂರ್ಣ ಬಲ ಪಡೆಯುವಾಗ ಗಾಳಿಯನ್ನು ಹನ್ನೆರಡು ಹದಿಮೂರಕ್ಕೆ ಇಳಿಸುತ್ತಾರೆ. ಪೂರ್ಣ ವೇಗದಲ್ಲಿ ಪೆಟ್ರೋಲು ಕಡಮೆಯಾಗಿ ಮಿಶ್ರಣ ಬಡವಾಯಿತೋ, ಕಾವೇರಿ, ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು, ಆ ಮೂಲೆಯ ಪಟ್ಟಿ ಮುರಿದರೂ ಮುರಿದೀತು. ಮುರಿದ ತುಂಡು ಕೋಣೆಯ ಗೋಡೆಯನ್ನೂ ಕೆತ್ತಿಕೊಂಡೇ ಹೊರಬೀಳುತ್ತದೆ.

ಕಾರಿನೊಡನೆ ಕಾರ್ಖಾನೆಯಿಂದ ಬಂದದ್ದು ನಿಕ್ಕಿ ಎಂಬ ಜಪಾನೀ ಹೆಸರಿನ, ನಾಲ್ಕು ಕಂಠಗಳ ಕಾರ್ಬುರೇಟರು. ಹೊಗೆಯ ಕಾನೂನಿಗಾಗಿ ಅದಕ್ಕೆ ಸುತ್ತಿದ್ದ ನಳಿಗೆಗಳೇನು, ಕೀಲುಗಳೇನು! ಅದನ್ನು ತಿದ್ದುವವರು ಅವನ್ನೆಲ್ಲ ಕಳಚುತ್ತಾರೆ, ಚೋಕಿನ ತಗಡನ್ನು ತೆಗೆಯುತ್ತಾರೆ, ಕಂಠವನ್ನು ಕೊರೆದು ಅಗಲ ಮಾಡುತ್ತಾರೆ, ಜೆಟ್ಟುಗಳನ್ನು ಬದಲಿಸುತ್ತಾರೆ. ನಿರ್ವಾತದ ಸೆಳೆತದಿಂದ ತಾನಾಗಿ ತೆರೆಯುತ್ತಿದ್ದ ಎರಡನೆಯ ಜೊತೆ ಕಂಠಗಳನ್ನು ಕಾಲೊತ್ತಿಗೆ ನೇರವಾಗಿ ತೆರೆಯುವಂತೆ ಜೋಡಿಸುತ್ತಾರೆ. ಬದಲಿಗೆ ವೆಬರನ್ನೋ ಹಾಲಿಯನ್ನೋ ತಂದು ಕೂರಿಸುವವರೂ ಉಂಟು. ಆ ಜಗಳಕ್ಕೆ ನಾನು ಕೈಹಾಕಲಾರೆ.

ನನ್ನ ಅಳಿಯ ದೂರದ ಫ್ಲಾರಿಡಾದವನೊಬ್ಬನಿಂದ ಇಂಥದೊಂದನ್ನು ತರಿಸಿದ. ಪೆಟ್ಟಿಗೆಯಲ್ಲಿ ಬೆಳ್ಳಿಯಂತೆ ಹೊಳೆಯುವ ವಸ್ತು ಇತ್ತು, ಜೊತೆಗೆ ಒಂದು ಸಾಲಿನ ಕಾಗದವೂ ಇರಲಿಲ್ಲ. ಕೂರಿಸುವ ಮೊದಲು ನೆರೆಯ ಮುದುಕ ಮೆಕ್ಯಾನಿಕ್ಕನಿಗೆ ತೋರಿಸಿದ್ದು ಪುಣ್ಯ. ಆತ ಅದನ್ನು ತಿರುಗಿಸಿ ನೋಡಿ, ಬೆರಳಿಟ್ಟು ತೋರಿಸಿದನಂತೆ: ‘ಎಣ್ಣೆಯ ದಾರಿ ಮುಚ್ಚಿದ್ದಾರಲ್ಲ!’ ಈ ಇಂಜಿನಿನ ಮೂಲೆಪಟ್ಟಿಗಳಿಗೆ ಬೇಕಾದ ಎಣ್ಣೆಯನ್ನು ಸಣ್ಣ ಪಂಪೊಂದು ತೆಳ್ಳನೆಯ ಕೊಳವೆಗಳ ಮೂಲಕ ಕಾರ್ಬುರೇಟರಿಗೇ ತಂದು ಹನಿಸುತ್ತದೆ. ಆ ದಾರಿ ಮುಚ್ಚಿದರೆ, ಪೆಟ್ರೋಲು ಹಾಕಿಸುವಾಗಲೆಲ್ಲ ಎಣ್ಣೆಯನ್ನು ಅಳೆದು ತಾನೇ ಬೆರೆಸಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರು ಸೈಕಲ್ಲುಗಳನ್ನು ಓಡಿಸಿದ ನನ್ನ ವಯಸ್ಸಿನವರಿಗೆ ಈ ಸಂಸ್ಕಾರ ಹೊಸದಲ್ಲ. ಪೆಟ್ರೋಲು ಬಂಕಿನಲ್ಲಿ ಎಣ್ಣೆಯ ಅಳತೆ ಕೇಳಿಯೇ ಕೇಳುತ್ತಿದ್ದರು. ಆದರೆ ಗೊತ್ತಿಲ್ಲದವನು? ಅವನ ಇಂಜಿನು ಒಣಗಿಯೇ ತಿರುಗಿ ತಿರುಗಿ ಸವೆಯುತ್ತದೆ.

ಅಳಿಯ ಮಾರಿದವನಿಗೆ ಬರೆದು ಕೇಳಿದ. ಉತ್ತರ ಬಂತು: ‘ಅದು ಎಲ್ಲರಿಗೂ ಗೊತ್ತಿರುವ ವಿಷಯ.’

ಈ ಲೇಖನ ಬರೆಯಲು ಆ ಒಂದು ವಾಕ್ಯವೇ ಕಾರಣ. ತಿದ್ದಿದ ಕಾರ್ಬುರೇಟರಿಗೆ ನಾವು ಕೊಡುವ ಹಣ ಲೋಹಕ್ಕಲ್ಲ, ಕೊರೆದ ಕೂಲಿಗೂ ಅಲ್ಲ, ತಿದ್ದಿದವನ ಹದಜ್ಞಾನಕ್ಕೆ. ಆ ಜ್ಞಾನವನ್ನು ತನ್ನಲ್ಲೇ ಉಳಿಸಿಕೊಂಡು ಲೋಹವನ್ನು ಮಾತ್ರ ಕಳಿಸಿದವನು ಮಾರಿದ್ದಾದರೂ ಏನು? ಸಕ್ಕರೆಯಿಲ್ಲದ ಪಾಯಸಕ್ಕೆ ಸಕ್ಕರೆಯ ಬೆಲೆಯನ್ನೂ ಸೇರಿಸಿ ತೆಗೆದುಕೊಂಡಂತೆ. ಯಾವ ಜೆಟ್ಟು, ಕಂಠದ ಅಳತೆ ಎಷ್ಟು, ಏನನ್ನು ಮುಚ್ಚಿದೆ, ಯಾವ ಎತ್ತರದ ಊರಿನಲ್ಲಿ ಹದ ನೋಡಿದೆ ಎಂಬಿಷ್ಟನ್ನು ಬರೆದುಕೊಡದವನಿಂದ ಆ ವಸ್ತುವನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಎತ್ತರದ ಮಾತು ಸುಮ್ಮನೆ ಆಡಿದ್ದಲ್ಲ. ಡೆನ್ವರ್ ಸಮುದ್ರಮಟ್ಟಕ್ಕಿಂತ ಸುಮಾರು 1,600 ಮೀಟರು ಮೇಲಿದೆ. ಅಲ್ಲಿನ ಗಾಳಿ ಕಡಲತೀರದ ಗಾಳಿಗಿಂತ ಸುಮಾರು ಏಳರಲ್ಲೊಂದು ಪಾಲು ತೆಳು. ಫ್ಲಾರಿಡಾದಲ್ಲಿ ಹದವಾದದ್ದು ಅಲ್ಲಿ ಪೆಟ್ರೋಲು ಹೆಚ್ಚಾಗಿ ಕಪ್ಪುಹೊಗೆ ಕಾರುತ್ತದೆ. ಅದಾದರೂ ಸಹಿಸಬಹುದು. ಡೆನ್ವರಿನಲ್ಲಿ ಹದವಾದದ್ದನ್ನು ಕಡಲತೀರದವನು ಕೊಂಡರೆ ಮಿಶ್ರಣ ಬಡವಾಗುತ್ತದೆ. ಆಗಿನ ಪಾಡನ್ನು ಮೇಲೆಯೇ ಹೇಳಿದ್ದೇನೆ.

ಕುಶಲಿಯು ತನ್ನ ಗುಟ್ಟನ್ನು ಬಿಟ್ಟುಕೊಟ್ಟರೆ ಹೊಟ್ಟೆಪಾಡು ಹೇಗೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ವೀಣೆ ಮಾಡುವ ಮನೆತನದವರು ಮರ ಒಣಗಿಸುವ ಗುಟ್ಟನ್ನು ಮನೆಯೊಳಗೇ ಇಟ್ಟುಕೊಂಡರೆ ನಾನು ಆಕ್ಷೇಪಿಸಲಾರೆ. ಆದರೆ ಮಾಡುವ ಬಗೆ ಬೇರೆ, ಮಾಡಿದ್ದರ ವಿವರ ಬೇರೆ. ಕಂಠವನ್ನು ನಯವಾಗಿ ಕೊರೆಯುವ ಕೈಚಳಕವನ್ನು ಯಾವ ಕಾಗದವೂ ಕದಿಯಲಾರದು. ಜೆಟ್ಟಿನ ಸಂಖ್ಯೆಯನ್ನು ಮುಚ್ಚಿಡುವುದರಲ್ಲಿ ಕುಶಲತೆಗಿಂತ ಆಲಸ್ಯವೇ ಹೆಚ್ಚೆಂದು ನನ್ನ ಗುಮಾನಿ.

ಇನ್ನೊಂದು ಗುಂಪಿನವರು ಕಾರ್ಖಾನೆಯ ವಸ್ತುವನ್ನು ಮುಟ್ಟುವುದೇ ಅಪರಾಧವೆನ್ನುತ್ತಾರೆ. ಅವರ ಮಾತಿನಲ್ಲೂ ಅರ್ಧ ಸತ್ಯವಿದೆ. ಕೊರೆದ ಕಂಠಕ್ಕೆ ಲೋಹ ಮರಳಿ ಬರುವುದಿಲ್ಲ. ತಿದ್ದುವವರು ಹೊಸದನ್ನು ಕೊಡುವಾಗ ಹಳೆಯದನ್ನು ಬದಲಿಗೆ ಕೇಳುವುದು ರೂಢಿ. ಮನೆಯಲ್ಲಿ ಕೈ ಮುಟ್ಟದ ನಿಕ್ಕಿ ಒಂದೇ ಒಂದಿದ್ದರೆ ಅದನ್ನು ಕೊಡಬಾರದು, ಹೆಚ್ಚು ಹಣವಾದರೂ ಕೊಟ್ಟು ಅದನ್ನು ಉಳಿಸಿಕೊಳ್ಳಬೇಕು. ಕಾನೂನಿನ ತೊಡಕೂ ಇದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲು ಕಾರುಗಳಿಗೆ ಹೊಗೆಪರೀಕ್ಷೆಯಿಂದ ಸಾಮಾನ್ಯ ವಿನಾಯಿತಿ. ಈ ಕಾರು ಹುಟ್ಟಿದ್ದು ಅದಾದ ಮೇಲೆ. ಊರಿನವರೆಲ್ಲ ಸೇದುವ ಗಾಳಿಯನ್ನು ನಮ್ಮ ಷೋಕಿಗಾಗಿ ಕೆಡಿಸುವ ಹಕ್ಕು ಯಾರಿಗೂ ಇಲ್ಲವಷ್ಟೆ. ನನ್ನ ಅಳಿಯ ಕಾರನ್ನು ಓಡಿಸುವುದು ಮುಚ್ಚಿದ ಮೈದಾನದ ಭಾನುವಾರದ ಪಂದ್ಯಗಳಲ್ಲಿ ಮಾತ್ರ, ಅಲ್ಲಿಗೂ ಅದನ್ನು ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡೇ ಹೋಗುತ್ತಾನೆ. ಆದ್ದರಿಂದ ನಾನು ಬಾಯಿಮುಚ್ಚಿಕೊಂಡಿದ್ದೇನೆ.

ಮೊದಲು ಕೊಂಡದ್ದನ್ನು ಮಾರಿದವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದೀಗ ಅಳಿಯನ ಕಪಾಟಿನಲ್ಲಿ ಕಾಗದ ಹಾರದಂತೆ ಇಡುವ ಭಾರವಾಗಿದೆ. ಎರಡನೆಯ ಸಲ ಆತ ಹುಡುಕಿದವನು ಬೆಲೆ ಹೇಳುವುದಕ್ಕೆ ಮೊದಲು ತಾನೇ ಪ್ರಶ್ನೆ ಕೇಳಿದನಂತೆ: ನಿಮ್ಮ ಊರು ಎಷ್ಟು ಎತ್ತರದಲ್ಲಿದೆ, ಇಂಜಿನಿನ ದ್ವಾರಗಳನ್ನು ಅಗಲ ಮಾಡಿಸಿದ್ದೀರಾ, ಹೊಗೆಯ ಕೊಳವೆ ಮೂಲದ್ದೇ ಅಥವಾ ಬದಲಿಸಿದ್ದೇ, ಎಣ್ಣೆಯ ಪಂಪು ಕೆಲಸ ಮಾಡುತ್ತಿದೆಯೇ? ‘ವೈದ್ಯರ ಹತ್ತಿರ ಹೋದ ಹಾಗಾಯಿತು, ಮಾವ’ ಎಂದು ಅಳಿಯ ನಕ್ಕ. ಬೆಲೆ ಮೊದಲಿನದಕ್ಕಿಂತ ಹೆಚ್ಚೇ. ನಾಲ್ಕು ತಿಂಗಳು ಕಾಯಬೇಕಾಯಿತು.

ಪೆಟ್ಟಿಗೆಯ ಮೇಲುಗಡೆಯೇ ಕೈಬರಹದ ಒಂದು ಹಾಳೆ ಇತ್ತು. ಅದರ ಚಿತ್ರವನ್ನು ಅಳಿಯ ನನಗೂ ಕಳಿಸಿದ್ದಾನೆ. ನಾಲ್ಕು ಜೆಟ್ಟುಗಳ ಸಂಖ್ಯೆ, ಕಂಠಗಳ ಅಳತೆ, ತೇಲುಗುಂಡಿನ ಮಟ್ಟ, ಎಣ್ಣೆಯ ದಾರಿ ತೆರೆದೇ ಇದೆಯೆಂಬ ಮಾತು. ಕೆಳಗೆ, ನಿಮ್ಮ ಗಾಳಿಯಲ್ಲಿ ಇದು ಇನ್ನೂ ತುಸು ಹೆಚ್ಚೆನಿಸಿದರೆ ಒಂದು ಸಂಖ್ಯೆ ಇಳಿಸಿ ನೋಡಿ ಎಂದು ಬರೆದು, ಆ ಚಿಕ್ಕ ಜೆಟ್ಟುಗಳನ್ನೂ ಪೊಟ್ಟಣ ಕಟ್ಟಿ ಅಂಟಿಸಿದ್ದಾನೆ. ಅಳಿಯ ಇನ್ನೂ ಅವನ್ನು ಬಿಚ್ಚಿಲ್ಲ. ಚಳಿ ಕಳೆಯಲಿ, ಮೊದಲ ಪಂದ್ಯದಲ್ಲಿ ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ತೀರ್ಮಾನಿಸುತ್ತೇನೆ ಎಂದಿದ್ದಾನೆ.