ಬಂಜರಲ್ಲದ ಬಯಲು

ಕನ್ನಡ ವಿಭಾಗದ ಅಧ್ಯಯನ ಪ್ರವಾಸವೆಂದರೆ ಹಂಪಿ, ಬಾದಾಮಿ, ಐಹೊಳೆಗಳು ನೆನಪಿಗೆ ಬರುವುದು ಸಹಜ. ಶಾಸನ, ದೇಗುಲಗಳಿರುವಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಕೆಲಸವಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗುಡಿಯಾಗಲಿ ದಟ್ಟ ಮರಗಳಾಗಲಿ ಇಲ್ಲದ ಒಂದು ಹುಲ್ಲುಬಯಲಿಗೂ ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಹೋಗಿಬರಬೇಕೆಂಬುದು ನನ್ನ ಅಭಿಪ್ರಾಯ. ಆ ಬಯಲು ರೋಳ್ಳಪಾಡು.

ಆದೋನಿಯಿಂದ ಕರ್ನೂಲು ದಾಟಿ ನಂದಿಕೊಟ್ಕೂರಿನ ಕಡೆಗೆ ಸಾಗಿದರೆ ಈ ಹಳ್ಳಿ ಸಿಗುತ್ತದೆ. 2022ರ ವಿಂಗಡಣೆಯವರೆಗೆ ಇದು ನಮ್ಮ ಜಿಲ್ಲೆಯಲ್ಲಿಯೇ ಇದ್ದಿತು; ಈಗ ನಂದ್ಯಾಲ ಜಿಲ್ಲೆಗೆ ಸೇರಿದೆ. 1988ರಲ್ಲಿ ಈ ಹಳ್ಳಿಯ ಸುತ್ತಣ ಪ್ರದೇಶವನ್ನು ಎರೆಭೂತ ಹಕ್ಕಿಗಾಗಿ ಅಭಯಾರಣ್ಯವೆಂದು ಘೋಷಿಸಲಾಯಿತು. ಅರಣ್ಯವೇ ಅಲ್ಲದ ನೆಲಕ್ಕೆ ಅಭಯಾರಣ್ಯವೆಂಬ ಹೆಸರು! ನಮ್ಮ ಪಾಠ ಇಲ್ಲಿಂದಲೇ ಆರಂಭವಾಗಬೇಕು.

ನಮ್ಮ ಕಾವ್ಯಮೀಮಾಂಸೆಯ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವಿದೆ, ಪರ್ವತವಿದೆ, ಉದ್ಯಾನವಿದೆ, ಹುಲ್ಲುಗಾವಲಿಲ್ಲ. ಸರ್ಕಾರದ ಕಂದಾಯ ಭಾಷೆ ಇಂಥ ನೆಲವನ್ನು ಬಹುಕಾಲ 'ಬಂಜರು' ಎಂದೇ ಕರೆಯಿತು. ಜನರ ನುಡಿ ಹಾಗಿಲ್ಲ. ಗೋಮಾಳ, ಕಾವಲು, ಬೀಳು ಎಂದು ಅದು ಒಂದೊಂದನ್ನೂ ಬೇರೆಯಾಗಿ ಗುರುತಿಸಿದೆ. ಮರಾಠಿ, ಕನ್ನಡ ಎರಡರಲ್ಲಿಯೂ ಶಾಲೆ ಕಲಿತ ನನಗೆ ಈ ಹಕ್ಕಿಯ ಮರಾಠಿ ಹೆಸರು 'ಮಾಳಢೋಕ' ಎಂಬುದು ಮೊದಲಿನಿಂದಲೂ ಪ್ರಿಯ. ಅದರೊಳಗಿನ 'ಮಾಳ' ನಮ್ಮ ಗೋಮಾಳದಲ್ಲಿಯೂ ಕೇಳಿಸುತ್ತದೆ. ಕನ್ನಡದ ಹೆಸರಿನಲ್ಲಿ ಎರೆಮಣ್ಣಿದೆ. ತೆಲುಗಿನ 'ಬಟ್ಟಮೇಕ'ದಲ್ಲಿ ಮೇಕೆಯಿದೆ. ನೆಲವನ್ನು ಬಿಟ್ಟು ಈ ಹೆಸರುಗಳು ಅರ್ಥವಾಗವು.

ಹಕ್ಕಿಯನ್ನು ಕಾಣುವ ಆಸೆಯಿಂದ ಹೋಗಬೇಡಿ. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಈ ಹಕ್ಕಿ ಇಡೀ ಜಗತ್ತಿನಲ್ಲಿ ಈಗ 150ರ ಆಸುಪಾಸು ಮಾತ್ರ ಉಳಿದಿದೆಯೆಂದು ಅಂದಾಜು. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ರೋಳ್ಳಪಾಡಿನಲ್ಲಿ ಏನಾಯಿತೆಂಬುದನ್ನು ಅರಿಯಲು ಹೋಗಿ. ಸುತ್ತಣ ನೆಲದ ಬಹುಭಾಗ ರೈತರ ಹೊಲಗಳೇ. ರಕ್ಷಿತ ಹುಲ್ಲುಗಾವಲು ಅದರೊಳಗಿನ ಒಂದು ಸಣ್ಣ ತುಂಡು. ಆ ರಕ್ಷಣೆಯಲ್ಲಿ ಕೃಷ್ಣಮೃಗಗಳು ಹೆಚ್ಚಿ ಪೈರಿಗೆ ನುಗ್ಗಿದವು. ಕಾಲುವೆ ನೀರು ಬಂದು ಸುತ್ತಣ ಬೇಸಾಯದ ಕ್ರಮ ಬದಲಾಯಿತು. ಹಕ್ಕಿಯ ಹೆಸರಿನ ಕಟ್ಟಳೆಯನ್ನು ಹೊತ್ತ ರೈತನಿಗೆ ಹಕ್ಕಿಯ ಮೇಲೆ ಪ್ರೀತಿ ಹೇಗೆ ಉಳಿದೀತು? ಸೊಲ್ಲಾಪುರದ ಬಳಿಯ ನಾನ್ನಜ್‌ನಲ್ಲಿಯೂ ಇದೇ ಬಗೆಯ ಕಥೆ: 1979ರಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಚದರ ಕಿಲೋಮೀಟರ್ ಘೋಷಿಸಿ, ಜನರ ವಿರೋಧ ಬೆಳೆದ ಮೇಲೆ ಬಹುಪಾಲನ್ನು ಕೈಬಿಡಬೇಕಾಯಿತು. ಊರವರನ್ನು ಕೇಳದೆ ಎಳೆದ ಗಡಿ ಊರಿಗೂ ಆಗದು, ಹಕ್ಕಿಗೂ ಆಗದು.

ನಿಮ್ಮಲ್ಲಿ ಹೆಚ್ಚಿನವರು ಒಕ್ಕಲು ಮನೆತನದವರು. ಬೆಳೆ ಕಳೆದುಕೊಂಡವನ ಮಾತು ನಿಮಗೆ ಬೇಗ ತಿಳಿಯುತ್ತದೆ; ಮಾತಿಲ್ಲದ ಹಕ್ಕಿಯ ಪಕ್ಷವನ್ನು ಕೇಳಿಸಿಕೊಳ್ಳಲು ಅಭ್ಯಾಸ ಬೇಕು. ಎರಡನ್ನೂ ಒಟ್ಟಿಗೆ ಆಲಿಸಬಲ್ಲವನೇ ಸಾಹಿತ್ಯದ ವಿದ್ಯಾರ್ಥಿ.

ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಮಳೆಗಾಲ ನೆಲದ ಹಕ್ಕಿಗಳು ಮೊಟ್ಟೆಯಿಡುವ ಕಾಲ. ಚಳಿಗಾಲದ ಸಂಜೆ, ಮಧ್ಯ ಏಷ್ಯಾದ ಕಡೆಯಿಂದ ಬಂದ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ಹುಲ್ಲಿನ ನಡುವೆ ನೆಲದ ಮೇಲೆಯೇ ಇರುಳು ತಂಗಲು ಇಳಿಯುತ್ತವೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಹಾದಿ ಬಿಡದೆ, ದನಿಯೆತ್ತದೆ ನಡೆಯಿರಿ. ಕುರಿ ಕಾಯುವವರು ಸಿಕ್ಕರೆ ನಿಂತು ಮಾತನಾಡಿಸಿ, ಹುಲ್ಲುಗಳ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ಒಬ್ಬೊಬ್ಬರು ಹತ್ತು ಹೆಸರು ತಂದರೂ ವಿಭಾಗದಲ್ಲಿ ಕನ್ನಡ-ತೆಲುಗು ಪದಪಟ್ಟಿಯೊಂದು ಸಿದ್ಧವಾದೀತು. ಮುಂದಿನ ಪ್ರವಾಸದ ಊರನ್ನು ಆರಿಸುವಾಗ ಈ ಮಾತನ್ನು ವಿದ್ಯಾರ್ಥಿಗಳು ಚರ್ಚೆಗೆ ತರಲಿ.